ಹೊಟ್ಟು ತಂದವರಿಗೆ ಹಿಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯಲ್ಲಿರುವ ತಗಡಿನ ಮಾಡಿನ ಕಟ್ಟಡದ ಬಾಗಿಲು ಕಿರುಗುಟ್ಟುತ್ತದೆ. ಒಳಗೆ ಹೋದ ಹೆಂಗಸು ದೀಪ ಹಾಕುವ ಮೊದಲೇ ಬೀಸುವ ಕಲ್ಲಿನ ಮೇಲೆ ಅಂಗೈ ಆಡಿಸುತ್ತಾರೆ. ರಾತ್ರಿ ತೇವ ಹಿಡಿದಿದೆಯೇ, ಇಲಿ ಏನಾದರೂ ಹೊಕ್ಕಿದೆಯೇ ಎಂದು ತಿಳಿಯಲು ಅವರಿಗೆ ಕೈ ಸಾಕು. ಆಮೇಲೆ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಗಂಡನ ಹಳೆಯ ಅಂಗಿಯೊಂದನ್ನು ಮೇಲೆ ತೊಟ್ಟುಕೊಳ್ಳುತ್ತಾರೆ. ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಕತ್ತರಿಸಲಾಗಿದೆ. ಬೆಲ್ಟು ಜಗ್ಗಿ ನೋಡಿ, ಗುಂಡಿ ಒತ್ತುತ್ತಾರೆ. ಮೋಟಾರು ಎರಡು ಸಲ ತಡವರಿಸಿ ಹಿಡಿದುಕೊಳ್ಳುತ್ತದೆ. ನೆಲ ನಡುಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅವರ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲವೂ ಬಿಳಿ.

ಹೊರಗಿನ ಜಗುಲಿಯಲ್ಲಿ ಗಂಡ ಕೂತಿದ್ದಾರೆ. ಇಪ್ಪತ್ತೆಂಟು ವರ್ಷ ಈ ಗಿರಣಿ ನಡೆಸಿದವರು. ಹಿಟ್ಟಿನ ದೂಳು ಎದೆಯೊಳಗೆ ಕೂತು, ಈಗ ನಾಲ್ಕು ಹೆಜ್ಜೆ ನಡೆದರೆ ಏದುಸಿರು. "ಮೋಟಾರೂ ನಾನೂ ಒಟ್ಟಿಗೇ ಕೆಮ್ಮೋಕೆ ಶುರು ಮಾಡ್ತೀವಿ. ಅದಕ್ಕಾದ್ರೆ ಎಣ್ಣೆ ಹಾಕ್ತಾಳೆ, ನನಗೆ ಬರೀ ಬೈಗುಳ" ಎಂದು ಅವರು ನಗುತ್ತಾರೆ. ನಗು ಕೆಮ್ಮಾಗುತ್ತದೆ. ಒಳಗಿನಿಂದ ಹೆಂಡತಿ ಬಿಸಿನೀರಿನ ಲೋಟ ತಂದು ಅವರ ಪಕ್ಕದಲ್ಲಿಟ್ಟು ಮತ್ತೆ ಒಳಗೆ ಹೋಗುತ್ತಾರೆ.

ಊರಿಗೆಲ್ಲ ಅವರು ಗಿರಣಿಯಕ್ಕ. ತಮಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಐವತ್ತು ದಾಟಿದ, ಎತ್ತರವಲ್ಲದ, ಹೆಗಲು ಅಗಲವಾದ ಹೆಂಗಸು. ವರ್ಷಗಟ್ಟಲೆ ಮೋಟಾರಿನ ಸದ್ದಿನಲ್ಲೇ ದುಡಿದು ಎಡಗಿವಿ ಪೂರ್ತಿ ಮಂದವಾಗಿದೆ. ಹಾಗಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. "ನಮ್ಮನೆ ಗುಟ್ಟು ಗುಟ್ಟಾಗಿ ಉಳಿಯಲ್ಲ" ಎನ್ನುವುದು ಗಂಡನ ದೂರು. ಆದರೆ ಊರಿನ ಗುಟ್ಟನ್ನು ಇವರಷ್ಟು ಭದ್ರವಾಗಿ ಕಾಪಾಡಿದವರು ಬೇರೆ ಯಾರೂ ಇಲ್ಲ.

ಹೊತ್ತು ಏರುವಷ್ಟರಲ್ಲಿ ಜಗುಲಿಯ ಮುಂದೆ ಚೀಲಗಳ ಸಾಲು. ಬೀಸಲು ಬಂದವರು ಯಾರೇ ಇರಲಿ, ಮೊದಲು ತಮ್ಮ ಚೀಲ ಹೊತ್ತು ಗಿರಣಿಯ ಹಿಂಬದಿಯ ಸಣ್ಣ ಕೋಣೆಗೆ ಹೋಗಬೇಕು. ಅದರ ಬಾಗಿಲಿಗೆ ಗೋಣಿಯ ಪರದೆ. ಒಂದು ಸಲಕ್ಕೆ ಒಬ್ಬರೇ. ಒಳಗೆ ಎರಡು ಪೀಪಾಯಿಗಳಿವೆ. ಒಂದರಲ್ಲಿ ಕಾಳು, ಇನ್ನೊಂದರಲ್ಲಿ ಹೊಟ್ಟು. ಮನೆಯಲ್ಲಿ ಕಾಳಿದ್ದವರು ತಮ್ಮ ಚೀಲದಿಂದ ಒಂದು ಬೋಗುಣಿಯಷ್ಟನ್ನು ಕಾಳಿನ ಪೀಪಾಯಿಗೆ ಸುರಿಯುತ್ತಾರೆ. ಇಲ್ಲದವರು ಕಣದ ಬದಿಯಲ್ಲಿ ಬಿದ್ದ ಹೊಟ್ಟನ್ನು ಚೀಲಕ್ಕೆ ತುಂಬಿಕೊಂಡು ಬಂದಿರುತ್ತಾರೆ. ಅದನ್ನು ಹೊಟ್ಟಿನ ಪೀಪಾಯಿಗೆ ಸುರಿದು, ಬೇಕಾದಷ್ಟು ಕಾಳು ತುಂಬಿಕೊಳ್ಳುತ್ತಾರೆ. ಪರದೆ ಸರಿಸಿ ಹೊರಗೆ ಬಂದಾಗ ಎಲ್ಲರ ಹೆಗಲ ಮೇಲೂ ಚೀಲ, ಎಲ್ಲರ ಚೀಲದಲ್ಲೂ ಕಾಳು. ಸಾಲಿನಲ್ಲಿ ನಿಂತು ಬೀಸಿಸಿಕೊಂಡು ಹಿಟ್ಟು ಹೊತ್ತು ಹೋಗುತ್ತಾರೆ. ಹಾಕಿದವರು ಯಾರು, ತೆಗೆದವರು ಯಾರು ಎಂದು ಯಾರಿಗೂ ತಿಳಿಯುವುದಿಲ್ಲ.

ಊರಿನ ದೊಡ್ಡ ಹೊಲದ ಒಡೆಯನಿಗೆ ಮೀಸೆಯಣ್ಣ ಎಂದು ಹೆಸರು. ಈ ಬೆಳಿಗ್ಗೆ ಅವರೂ ಚೀಲ ಹೊತ್ತು ಒಳಗೆ ಹೋಗಿ ಬರುತ್ತಾರೆ. ಬಂದವರೇ ಸೊಂಟಕ್ಕೆ ಕೈ ಕೊಟ್ಟು, "ನಾನು ಹಾಕಿದ್ನೋ ತೆಗೆದ್ನೋ, ಹೇಳು ನೋಡೋಣ ಅಕ್ಕ" ಎನ್ನುತ್ತಾರೆ.

"ನಿನ್ನ ಹೊಟ್ಟೆ ನೋಡಿದ್ರೆ ತೆಗೆದ ಹಾಗೇ ಇದೆ. ಸರಿ ಸರಿ, ಹಿಂದೆ ಜನ ಇದಾರೆ."

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಅದೇ ನಗುವಿನ ನಡುವೆ ಒಬ್ಬ ತೆಳ್ಳಗಿನ ಹೆಂಗಸು ತಲೆ ತಗ್ಗಿಸಿ ಪರದೆಯೊಳಗೆ ಹೋಗುತ್ತಾಳೆ. ಅವಳ ಕಡೆ ಯಾರೂ ನೋಡುವುದಿಲ್ಲ. ಗಿರಣಿಯಕ್ಕ ಆ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿ ಬೆಲ್ಟಿನ ಕಡೆ ಬಗ್ಗಿರುತ್ತಾರೆ. ಬೆಲ್ಟಿಗೆ ಏನೂ ಆಗಿರುವುದಿಲ್ಲ.

ಮದುವೆಯಾಗಿ ಬಂದಾಗ ಅವರಿಗೆ ಗಿರಣಿಯೊಳಗೆ ಪ್ರವೇಶವೇ ಇರಲಿಲ್ಲ. "ಹೆಣ್ಣಿನ ಕೈ ಒಲೆ ಹತ್ತಿರ ಇರಲಿ, ಬೆಲ್ಟಿನ ಹತ್ತಿರ ಬೇಡ" ಎಂದಿದ್ದರಂತೆ ಮಾವ. ಗಂಡನ ಎದೆ ಕೈಕೊಟ್ಟ ವರ್ಷ ಬೇರೆ ದಾರಿ ಇರಲಿಲ್ಲ. ಕೆಲಸ ಕಲಿತ ಹೊಸದರಲ್ಲಿ ತೋಳಿನ ಬಟ್ಟೆ ಬೆಲ್ಟಿಗೆ ಸಿಕ್ಕಿ ಬಲಗೈ ಮುರಿಯಿತು. ಮೂಳೆ ಕೂಡಿಕೊಂಡರೂ ಮೊಣಕೈ ಇಂದಿಗೂ ಪೂರ್ತಿ ಮಡಚುವುದಿಲ್ಲ. "ಆವತ್ತು ಮಾವ ಬದುಕಿದ್ದಿದ್ರೆ, ನಾನು ಹೇಳಿರಲಿಲ್ವಾ ಅಂತ ಇಡೀ ಊರಿಗೆ ಸಾರಿಬಿಡ್ತಿದ್ರು" ಎನ್ನುತ್ತಾರೆ ಗಿರಣಿಯಕ್ಕ. ಕೈಗೆ ಕಟ್ಟಿದ ಪಟ್ಟಿ ಬಿಚ್ಚುವ ಮೊದಲೇ ಎಡಗೈಯಲ್ಲಿ ಕಾಳು ಸುರಿಯಲು ನಿಂತಿದ್ದರು. ಅಂಗಿಯ ತೋಳು ಕತ್ತರಿಸಿದ್ದು ಆವಾಗಲೇ.

ಊರಿನ ಅರ್ಧ ಜನಕ್ಕೆ ಹೊಲವಿಲ್ಲ. ಗುಡ್ಡದ ಹಿಂದಿನ ಕಲ್ಲಿನ ಕ್ವಾರಿಯೇ ಅವರ ಅನ್ನವಾಗಿತ್ತು. ಗಂಡಸರು ಕಲ್ಲು ಒಡೆದರೆ ಹೆಂಗಸರು ಲಾರಿಗೆ ತುಂಬುತ್ತಿದ್ದರು. ಆರು ವರ್ಷದ ಹಿಂದೆ ಕ್ವಾರಿ ನಿಂತಿತು. ಲಾರಿಗಳು ಬರುವುದು ನಿಂತ ಮೇಲೆ ಚಹಾದಂಗಡಿ ಮುಚ್ಚಿತು. ಆಮೇಲೆ ದಿನಸಿ ಅಂಗಡಿ. ಒಂದು ಪೊಟ್ಟಣ ಉಪ್ಪಿಗೂ ಬಸ್ಸು ಹತ್ತಿ ಪೇಟೆಗೆ ಹೋಗಬೇಕಾಯಿತು. ಕೆಲವರು ಊರು ಬಿಟ್ಟರು. ಬಿಡಲಾಗದವರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಉಳಿದರು.

"ಹಸಿವಾಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಚೀಲ ಹೇಳುತ್ತೆ" ಎನ್ನುತ್ತಾರೆ ಗಿರಣಿಯಕ್ಕ. "ವಾರಕ್ಕೊಂದು ಸಲ ಬರ್ತಿದ್ದೋರು ಎರಡು ವಾರಕ್ಕೆ ಬಂದ್ರು. ಚೀಲ ಅದೇ, ಒಳಗಿರೋದು ಕಡಿಮೆ. ಆಮೇಲೆ ಒಂದಷ್ಟು ಜನ ಬರೋದೇ ನಿಂತೋಯ್ತು."

ಹಾಗೆ ಬರುವುದು ನಿಂತಿದ್ದವಳೊಬ್ಬಳು ಒಂದು ಬೆಳಿಗ್ಗೆ ತುಂಬಿದ ಚೀಲ ಹೊತ್ತು ಬಂದಳು. ಕ್ವಾರಿಯಲ್ಲಿ ಲಾರಿ ತುಂಬುತ್ತಿದ್ದವಳು; ಕೆಲಸ ಹುಡುಕಿ ಹೋದ ಗಂಡನ ಸುದ್ದಿಯಿಲ್ಲ; ಮನೆಯಲ್ಲಿ ಅತ್ತೆ ಮತ್ತು ಇಬ್ಬರು ಹೆಣ್ಣುಮಕ್ಕಳು. ಗಿರಣಿಯಕ್ಕ ಚೀಲ ಎತ್ತಿದೊಡನೆ ಏನೋ ಎಡವಟ್ಟಾಗಿದೆ ಎನಿಸಿತು. ತುಂಬಿದ ಚೀಲ ಅಷ್ಟು ಹಗುರ ಇರುವುದಿಲ್ಲ. ಬಾಯಿ ಬಿಚ್ಚಿದರೆ ಒಳಗೆ ಬರೀ ಹೊಟ್ಟು. ನೆರೆಹೊರೆಯವರ ಕಣ್ಣಿಗೆ ತಾನೂ ಬೀಸಲು ಹೋಗುತ್ತಿದ್ದೇನೆಂದು ಕಾಣಲಿ ಎಂದು ಅಷ್ಟು ದೂರ ಹೊತ್ತು ತಂದಿದ್ದಳು. ಬಂದ ಮೇಲೆ ಏನು ಮಾಡುವುದೆಂದು ಅವಳೂ ಯೋಚಿಸಿರಲಿಲ್ಲ. ಹಿಂದೆ ಹತ್ತು ಜನ ನಿಂತಿದ್ದರು.

ಗಿರಣಿಯಕ್ಕ ಚೀಲದ ಬಾಯಿ ಮತ್ತೆ ಕಟ್ಟಿದರು. ಎಲ್ಲರಿಗೂ ಕೇಳುವ ಹಾಗೆ, "ಏನೇ ಇದು, ಇಷ್ಟೊಂದು ಕಲ್ಲು? ನನ್ನ ಗಿರಣಿ ಹಾಳಾಗಲ್ವಾ? ಬಿಟ್ಟು ಹೋಗು, ಕೇರಿಸಿ ಇಟ್ಟಿರ್ತೀನಿ, ಸಂಜೆ ಬಾ" ಎಂದರು.

ಸಂಜೆ ಅವಳು ಬಂದಾಗ ತಮ್ಮ ಮನೆಯ ಹಿಟ್ಟು ತುಂಬಿಸಿ ಕಳಿಸಿದರು. ಅವಳು ಗಿರಣಿಯಕ್ಕನ ಕೈ ಒಮ್ಮೆ ಗಟ್ಟಿಯಾಗಿ ಹಿಡಿದು ಹೋದಳು.

ಮಾರನೆಯ ದಿನ ಅವಳ ಅತ್ತೆ ಬಂದಳು. ಕೋಲೂರಿಕೊಂಡು, ನಡುನಡುವೆ ಕೂತು, ಇಡೀ ಬೀದಿ ದಾಟಿ ಬಂದ ಮುದುಕಿ ಹಿಟ್ಟಿನ ಗಂಟನ್ನು ತಕ್ಕಡಿಯ ಮೇಲಿಟ್ಟಳು.

"ತೂಗಿ ನೋಡವ್ವ. ಒಂದು ಚಿಟಿಕೆ ಕಡಿಮೆ ಇಲ್ಲ."

"ಯಾಕವ್ವ? ನಿನ್ನ ಸೊಸೆ ಕಾಳು ಕೊಟ್ಟು ಬೀಸಿಸಿದ್ದು ತಾನೇ?"

"ಸೊಸೆ ಏನು ತಂದಿದ್ಲು ಅಂತ ನನಗೂ ಗೊತ್ತು, ನಿನಗೂ ಗೊತ್ತು. ನಿನ್ನ ಮನಸ್ಸು ದೊಡ್ಡದು, ಬೈತಿಲ್ಲ ನಾನು. ಆದ್ರೆ ನಾವು ದುಡಿದು ತಿಂದೋರು. ಬೇಡಿ ತಿಂದೋರಲ್ಲ."

"ಮಕ್ಕಳಿದಾವಲ್ಲವ್ವ ಮನೇಲಿ."

"ಅವಕ್ಕೆ ನನ್ನ ಪಾಲಿದೆ. ನನಗೇನು, ಹಲ್ಲಿಲ್ಲ, ತಿಂದದ್ದು ಅರಗಲ್ಲ."

ಮುದುಕಿ ಹೊರಟುಹೋದಳು. ಗಿರಣಿಯಕ್ಕ ಆ ಗಂಟನ್ನು ಎರಡು ದಿನ ತಕ್ಕಡಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಮತ್ತೆ ಹೋಗಿ ಕೊಡಲು ಧೈರ್ಯ ಬರಲಿಲ್ಲ. ಒಂದು ತಿಂಗಳು ಕಳೆಯುವುದರೊಳಗೆ ಮುದುಕಿ ತೀರಿಕೊಂಡಳು. ವಯಸ್ಸಾಗಿತ್ತು ಎಂದರು ಎಲ್ಲರೂ. ದೇಹ ತೊಳೆಯಲು ನೆರೆಯ ಹೆಂಗಸರ ಜೊತೆ ಗಿರಣಿಯಕ್ಕನೂ ಹೋದರು. ಎತ್ತಲು ಇನ್ನಿಬ್ಬರು ಬರಲಿ ಎಂದು ಯಾರೋ ಹೇಳುತ್ತಿದ್ದಾಗ ಇವರು ಎರಡೂ ಕೈ ಕೆಳಗೆ ಹಾಕಿದರು. ಒಬ್ಬರೇ ಎತ್ತಿದರು.

ಇದನ್ನು ಹೇಳುವಾಗ ಅವರು ಕೂಗಿ ಮಾತಾಡುವುದಿಲ್ಲ. "ವರ್ಷಗಟ್ಟಲೆ ಚೀಲ ಎತ್ತಿದ ಕೈ ಇದು. ತೂಕ ಗೊತ್ತಾಗುತ್ತೆ. ಅರ್ಧ ಚೀಲದಷ್ಟೂ ಇರಲಿಲ್ಲ ಆಯಮ್ಮ. ಅದು ವಯಸ್ಸಲ್ಲ. ಆವತ್ತು ಮನೆಗೆ ಬಂದು ತಟ್ಟೆ ಮುಂದೆ ಕೂತೆ. ನಾನು ಕೊಟ್ಟಿದ್ದೇ ತಪ್ಪಾಯ್ತಾ, ಕೊಟ್ಟ ರೀತಿ ತಪ್ಪಾಯ್ತಾ ಅಂತ ಅದೇ ಯೋಚನೆ. ಹಿಟ್ಟು ಇತ್ತು, ಹಸಿವೂ ಇತ್ತು, ಮಧ್ಯೆ ನಾಚಿಕೆ ಅಡ್ಡ ನಿಂತಿತ್ತು. ಅದನ್ನ ದಾಟಿಸೋದು ಹೆಂಗೆ?"

ಉಪಾಯ ಹೊಳೆದದ್ದು ಸೌದೆ ತುಂಬಿದ್ದ ಹಿಂದಿನ ಕೋಣೆ ನೋಡಿದಾಗ. ಸೌದೆ ಹೊರಹಾಕಿ, ಗೋಡೆಗೆ ಸುಣ್ಣ ಬಳಿದು, ಪೀಪಾಯಿ ಇಟ್ಟು, ಪರದೆ ಕಟ್ಟಿದರು. ಬೀಸಲು ಬಂದವರೆಲ್ಲ ಒಳಗೆ ಹೋಗಿಯೇ ಬರಬೇಕೆಂದು ಕಟ್ಟಪ್ಪಣೆ ಮಾಡಿದರು. ಉಳ್ಳವರು ಗೊಣಗಿದರು. ಮೀಸೆಯಣ್ಣನಂತೂ ಚೀಲ ಹೊತ್ತು ಹೊರಟೇಬಿಟ್ಟಿದ್ದರು. "ಕಾವಲಿಲ್ಲದ ಕಾಳು ಕಳ್ಳರ ಪಾಲು ಕಣಕ್ಕ. ನಾಳೆ ಪೀಪಾಯಿಯನ್ನೂ ಹೊತ್ಕೊಂಡು ಹೋಗ್ತಾರೆ."

"ಕಾಳು ಕದಿಯೋಷ್ಟು ಗತಿಗೆಟ್ಟೋನು ಹಸಿದೇ ಇರ್ತಾನೆ ಅಣ್ಣ. ಅವನಿಗೋಸ್ಕರವೇ ಇಟ್ಟಿದ್ದು" ಎಂದರು ಗಿರಣಿಯಕ್ಕ. ಪಕ್ಕದೂರಿನ ಗಿರಣಿಗೆ ಹೋಗಲು ಗುಡ್ಡ ಹತ್ತಿ ಇಳಿಯಬೇಕು. ನಾಲ್ಕು ಸಲ ಹತ್ತಿಳಿದ ಮೇಲೆ ಮೀಸೆಯಣ್ಣ ವಾಪಸು ಬಂದರು. ಮಂಡಿನೋವು ಬಹಳ ದೊಡ್ಡ ಗುರು ಎಂದು ಈಗ ತಾವೇ ಹೇಳಿಕೊಂಡು ನಗುತ್ತಾರೆ.

ಮೊದಲ ವಾರ ಕಾಳಿನ ಪೀಪಾಯಿಯಿಂದ ತೆಗೆದವರಿಲ್ಲ. ಖಾಲಿ ಚೀಲ ಹಿಡಿದು ಬೀದಿಯಲ್ಲಿ ನಡೆಯುವುದು ಯಾರಿಗೂ ಬೇಡವಾಗಿತ್ತು. ಆಗ ಗಿರಣಿಯಕ್ಕ ಕ್ವಾರಿಯ ಆ ಸೊಸೆಯ ಮನೆಗೆ ಹೋದರು. ಅತ್ತೆಯ ಕೋಲು ಇನ್ನೂ ಬಾಗಿಲ ಮೂಲೆಯಲ್ಲಿತ್ತು. "ನೀನು ಅವತ್ತು ತಂದಿದ್ಯಲ್ಲ, ಅದನ್ನೇ ತಾ. ಹೊಟ್ಟು ನನಗೆ ಬೇಕು. ಕೋಳಿ ಸಾಕೋನು ಕೇಳ್ತಿದಾನೆ. ಹೊಟ್ಟು ಕೊಡು, ಕಾಳು ತಗೋ. ಇದು ಧರ್ಮ ಅಲ್ಲ, ವ್ಯಾಪಾರ" ಎಂದರು. ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಕೋಳಿಯವನು ನಿಜಕ್ಕೂ ಹೊಟ್ಟು ಒಯ್ದು, ಬದಲಿಗೆ ಆಗಾಗ ಒಂದು ಚೀಲ ಜೋಳ ತಂದು ಸುರಿಯುತ್ತಾನೆ. ಮರುದಿನ ಅವಳು ಹೊಟ್ಟು ತಂದಳು. ಅವಳನ್ನು ನೋಡಿ ಇನ್ನೊಬ್ಬಳು. ಬಾಯಿಂದ ಬಾಯಿಗೆ ಸುದ್ದಿ ತಾನಾಗಿಯೇ ಹರಿಯಿತು.

ಬೋಗುಣಿ ಬೋಗುಣಿಯಾಗಿ ಬೀಳುವ ಕಾಳು ಸುಗ್ಗಿಯಲ್ಲಿ ಪೀಪಾಯಿ ತುಂಬಿಸುತ್ತದೆ. ಬಿತ್ತನೆಯ ಕಾಲಕ್ಕೆ ಉಳ್ಳವರ ಮನೆಯಲ್ಲೂ ತಳ ಕಾಣುತ್ತದೆ. ಆಗಲೇ ಹಸಿವು ಜಾಸ್ತಿ. ಅದಕ್ಕೂ ದಾರಿ ಹುಡುಕಿದ್ದಾರೆ. ಪೇಟೆಯ ಧಾನ್ಯದ ಗೋದಾಮಿನಲ್ಲಿ ಮೂಟೆ ಇಳಿಸುವಾಗ ಹರಿದ ಚೀಲಗಳಿಂದ ಚೆಲ್ಲಿದ ಕಾಳನ್ನು ಮೊದಲು ಗುಡಿಸಿ ಆಚೆ ಎಸೆಯುತ್ತಿದ್ದರು. ಗೋದಾಮಿನ ಮೇಸ್ತ್ರಿಯನ್ನು ಕಂಡು, ಅಂಗಳ ಕನ್ನಡಿಯ ಹಾಗೆ ಗುಡಿಸಿಕೊಡುತ್ತೇವೆ, ಕಾಳು ನಮಗಿರಲಿ ಎಂದು ಗಿರಣಿಯಕ್ಕ ಒಪ್ಪಿಸಿದರು. ವಾರದಲ್ಲಿ ಎರಡು ದಿನ ಐದಾರು ಹೆಂಗಸರು ಹೋಗುತ್ತಾರೆ. ಅವರ ಮುಂದಾಳು ಕ್ವಾರಿಯ ಅದೇ ಸೊಸೆ. ತಂದದ್ದನ್ನು ಕೇರಿ, ಕಲ್ಲು ಆರಿಸಿ, ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಹರವಿ ಒಣಗಿಸಿದ ಮೇಲೆಯೇ ಅದು ಪೀಪಾಯಿಗೆ ಹೋಗುವುದು.

"ಕಲ್ಲು ಎತ್ತಿದ ಕೈಗೆ ಕಲ್ಲು ಆರಿಸೋ ಕೆಲಸ" ಎನ್ನುತ್ತಾಳೆ ಆಕೆ, ಮೊರದಿಂದ ತಲೆ ಎತ್ತದೆ. ಅತ್ತೆಯ ಮಾತು ಬಂದಾಗ ಮಾತ್ರ ಕೈ ನಿಲ್ಲುತ್ತದೆ. "ಅವರ ಮೇಲೆ ನನಗೆ ಕೋಪ ಇಲ್ಲ. ನಮ್ಮತ್ತೆ ಇದ್ದಿದ್ರೆ ಈ ಮೊರ ಅವರ ಕೈಲೇ ಇರ್ತಿತ್ತು. ಇದು ದುಡಿಮೆ ತಾನೇ? ಇದನ್ನ ಬೇಡ ಅಂತಿರಲಿಲ್ಲ."

ಕೋಣೆ ಶುರುವಾಗಿ ಎರಡನೇ ವರ್ಷ ನಡೆಯುತ್ತಿದ್ದಾಗ ಮನೆಯೊಳಗೇ ಒಂದು ಜಗಳವಾಯಿತು. ಅದು ಪೀಪಾಯಿ ಬೇಗ ಬೇಗ ಬರಿದಾಗುತ್ತಿದ್ದ ಕಾಲ. ಜಗುಲಿಯ ಮೇಲೆ ಕೂತಲ್ಲಿಂದ ಗಂಡನಿಗೆ ತೆರೆದ ಬಾಗಿಲ ಮೂಲಕ ಪರದೆಯ ಸಂದಿ ಕಾಣುತ್ತಿತ್ತು. ನೋಡಬಾರದೆಂಬ ಹೆಂಡತಿಯ ಮಾತು ಗೊತ್ತಿದ್ದೂ ನೋಡಿದರು. ಅಂಚೆಯಣ್ಣ, ತಿಂಗಳು ತಿಂಗಳು ಸಂಬಳ ಎಣಿಸುವ ಮನುಷ್ಯ, ಪೀಪಾಯಿಯಿಂದ ಕಾಳು ತುಂಬಿಕೊಳ್ಳುತ್ತಿದ್ದರು. ಮತ್ತೆ ಮೂರು ದಿನ ಬಿಟ್ಟು, ಮತ್ತೆ. ಗಂಡನಿಗೆ ತಡೆಯಲಾಗಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಕಕ್ಕಿಬಿಟ್ಟರು.

"ಬೀಗ ಹಾಕೇ ಅಂದೆ, ಕೇಳಿದ್ಯಾ? ಇದ್ದೋರೇ ತಿಂದು ತೇಗ್ತಿದಾರೆ. ಯಾರು ಅಂತ ಹೇಳ್ಲಾ?"

"ಹೇಳ್ಬೇಡಿ."

"ಅಂಚೆ..."

"ಹೇಳ್ಬೇಡಿ ಅಂದೆ!" ಗಿರಣಿಯಕ್ಕ ತಟ್ಟೆ ಸರಿಸಿ ಎದ್ದುಬಿಟ್ಟರು. ಬೆಳಿಗ್ಗೆ ಗಂಡನ ಕುರ್ಚಿಯನ್ನು ಎತ್ತಿ ಜಗುಲಿಯ ಆ ತುದಿಗೆ, ಬೀದಿಗೆ ಮುಖ ಮಾಡಿ ಹಾಕಿದರು. ಒಂದು ವಾರ ಗಂಡ ಹೆಂಡತಿಗೆ ಮಾತಿಲ್ಲ. "ಮೋಟಾರಿನ ಜೊತೆ ಮಾತಾಡ್ಕೊಂಡಿದ್ದೆ" ಎನ್ನುತ್ತಾರೆ ಗಂಡ.

ನಿಜ ಗೊತ್ತಾದದ್ದು ಮಳೆಗೆ ಗುಡ್ಡದ ದಾರಿ ಕುಸಿದು ಅಂಚೆಯಣ್ಣನ ಕಾಲು ಉಳುಕಿದಾಗ. ಅವರು ನೇರವಾಗಿ ಈ ಗಂಡನ ಬಳಿಗೇ ಕುಂಟುತ್ತಾ ಬಂದು ಕೂತರು. ಗುಡ್ಡದಾಚೆ ನಾಲ್ಕೈದು ಮನೆಗಳಿವೆ. ಅಲ್ಲಿ ಹಗ್ಗ ಹೊಸೆಯುವ ಕುರುಡನೊಬ್ಬ ಇದ್ದಾನೆ. ಹಾಸಿಗೆ ಹಿಡಿದ ತಂಗಿಯನ್ನು ಬಿಟ್ಟು ಕದಲಲಾಗದ ಒಬ್ಬ ಹೆಂಗಸಿದ್ದಾಳೆ. ಗಿರಣಿಯವರೆಗೆ ಬರಲು ಅವರಿಂದಾಗದು. ಕಾಗದಗಳ ಜೊತೆ ಅವರ ಕಾಳನ್ನೂ ಅಂಚೆಯಣ್ಣ ತಮ್ಮ ಚೀಲದಲ್ಲಿ ಹೊತ್ತು, ದಾರಿಯಲ್ಲೊಂದು ಮನೆಯ ಬೀಸುಕಲ್ಲಿನಲ್ಲಿ ಬೀಸಿಸಿ ತಲುಪಿಸುತ್ತಿದ್ದರು. "ಈ ವಾರ ನನ್ನ ಕೈಲಾಗಲ್ಲ ಅಣ್ಣ. ಯಾರನ್ನಾದ್ರೂ ಕಳಿಸ್ತೀಯಾ?" ಎಂದು ಕೇಳಿದರು.

ಗಿರಣಿಯಕ್ಕನ ಗಂಡ ಬಹಳ ಹೊತ್ತು ಕೆಮ್ಮಿದರು. ಆಮೇಲೆ ಎದ್ದು ಒಳಗೆ ಹೋಗಿ ಹೆಂಡತಿಯ ಬಲಗಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಏನು ಹೇಳಿದರೆಂದು ಇಬ್ಬರೂ ಬಾಯಿಬಿಡುವುದಿಲ್ಲ. ಅಂದಿನಿಂದ ಗುಡ್ಡದಾಚೆಯವರ ಹಿಟ್ಟನ್ನು ಪೊಟ್ಟಣ ಕಟ್ಟುವ ಕೆಲಸ ಗಂಡನದು. ದಾರ ಬಿಗಿಯುವಾಗ ಉಸಿರು ಸಿಕ್ಕಿಕೊಳ್ಳುತ್ತದೆ. ನಿಲ್ಲಿಸಿ, ಸುಧಾರಿಸಿಕೊಂಡು, ಮತ್ತೆ ಬಿಗಿಯುತ್ತಾರೆ. ಬೇರೆಯವರು ಕಟ್ಟಿದರೆ ಒಪ್ಪುವುದಿಲ್ಲ.

ಹಸಿವು ಊರು ಬಿಟ್ಟು ಓಡಿಹೋಗಿದೆ ಎಂದು ಯಾರೂ ಹೇಳುವುದಿಲ್ಲ. ಹಿಟ್ಟೊಂದರಿಂದ ಮಕ್ಕಳು ಬೆಳೆಯುವುದಿಲ್ಲ. ಹೋದ ವರ್ಷ ಬಿತ್ತನೆಯ ಕಾಲದಲ್ಲಿ ಗೋದಾಮಿಗೆ ಲಾರಿಗಳೇ ಬರದೆ, ಒಂಬತ್ತು ದಿನ ಕಾಳಿನ ಪೀಪಾಯಿ ಖಾಲಿ ಇತ್ತು. ಹೊಟ್ಟು ಹೊತ್ತು ಬಂದವರಲ್ಲಿ ಹೆಚ್ಚಿನವರು ಹೊಟ್ಟನ್ನೇ ಹೊತ್ತು ಹಿಂದೆ ಹೋದರು. ಗಿರಣಿಯಕ್ಕ ಆ ಒಂಬತ್ತು ದಿನವೂ ತಮ್ಮ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತಂದು ಪೀಪಾಯಿಗೆ ಸುರಿದರು. ಅದು ಎಷ್ಟರ ಮಟ್ಟಿಗೆ? ಸಮುದ್ರಕ್ಕೆ ಒಂದು ಚೊಂಬು ನೀರು. ಕಡೆಯ ದಿನ ಗಂಡ ಹೆಂಡತಿ ಇಬ್ಬರೂ ಗಂಜಿ ನೀರು ಕುಡಿದು ಮಲಗಿದರು. "ನಮ್ಮಿಬ್ಬರಿಗೂ ಆವತ್ತು ಒಂದು ಪಾಠ ಆಯ್ತು. ಹಸಿವು ಅಂದ್ರೆ ಹೊಟ್ಟೆನೋವಲ್ಲ, ಅದು ತಲೆ ಒಳಗೆ ಕೂತ್ಕೊಂಡು ಬೇರೆ ಏನನ್ನೂ ಯೋಚಿಸೋಕೆ ಬಿಡಲ್ಲ" ಎಂದು ಗಿರಣಿಯಕ್ಕ ನೆನೆಯುತ್ತಾರೆ. ಹತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಎರಡು ಮೂಟೆ ಜೋಳ. ಯಾರು ಇಟ್ಟರೆಂದು ಅವರು ವಿಚಾರಿಸಲಿಲ್ಲ. ಮೀಸೆಯಣ್ಣ ಆ ದಿನ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದರು ಎಂದು ಗಂಡ ಮೆಲ್ಲಗೆ ಸೇರಿಸುತ್ತಾರೆ. ಹೆಂಡತಿ ಕಣ್ಣು ಕೆಕ್ಕರಿಸುತ್ತಾರೆ.

ಮಧ್ಯಾಹ್ನಕ್ಕೆ ಗಿರಣಿ ನಿಲ್ಲುತ್ತದೆ. ದಿನಕ್ಕೆ ಮೂವತ್ತು ನಲವತ್ತು ಚೀಲ ಬೀಸಿದ ಕಲ್ಲು ಮುಟ್ಟಿದರೆ ಸುಡುತ್ತದೆ. ಮುಖ ತೊಳೆದುಕೊಂಡು ಬಂದ ಗಿರಣಿಯಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕೂರುತ್ತಾರೆ. ತೊಳೆದ ಮುಖದಲ್ಲಿ ವಯಸ್ಸು ಕಾಣುತ್ತದೆ. ಎಷ್ಟು ಮನೆಯವರು ಈ ಕೋಣೆಯಿಂದ ಉಣ್ಣುತ್ತಿದ್ದಾರೆ ಎಂದು ಕೇಳಿದರೆ, ಗೊತ್ತಿಲ್ಲ ಎನ್ನುತ್ತಾರೆ. ಲೆಕ್ಕ ಹಾಕಬೇಕೆನಿಸಿಲ್ಲವೇ ಎಂದರೆ, "ಲೆಕ್ಕ ಹಾಕಬೇಕಾದ್ರೆ ಮುಖ ನೋಡ್ಬೇಕಲ್ಲ" ಎನ್ನುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಮಾತ್ರ ಬೀದಿಯ ಕಡೆ ತಿರುಗುತ್ತಾರೆ.

ಅಷ್ಟರಲ್ಲಿ ತಲೆಯ ಮೇಲೆ ನೀರಿನ ಕೊಡ ಹೊತ್ತ ಹುಡುಗಿಯೊಬ್ಬಳು ಬೀದಿಯಲ್ಲಿ ಹಾದುಹೋಗುತ್ತಾಳೆ. "ಊಟ ಆಯ್ತೇನೇ?" ಎಂದು ಗಿರಣಿಯಕ್ಕ ಕೂಗುತ್ತಾರೆ.

"ಆಯ್ತಕ್ಕ" ಎಂದು ಅವಳು ನಿಲ್ಲದೆ ಹೋಗುತ್ತಾಳೆ.

ಗಿರಣಿಯಕ್ಕ ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾರೆ. "ನೋಡಿ, ಇಲ್ಲಿ ದಾರೀಲಿ ಸಿಕ್ಕಿದೋರನ್ನೆಲ್ಲ ಊಟ ಆಯ್ತಾ ಅಂತ ಕೇಳ್ತೀವಿ. ಎಲ್ಲರೂ ಆಯ್ತು ಅಂತಾರೆ. ಹುಟ್ಟಿದಾಗಿನಿಂದ ಕೇಳ್ತಿದೀನಿ, ಆಗಿಲ್ಲ ಅಂತ ಒಬ್ರೂ ಹೇಳಿದ್ದು ಕೇಳಿಲ್ಲ. ನನಗೆ ಬೇರೆ ಆಸೆ ಏನಿಲ್ಲ. ನಾನು ಕಣ್ಣು ಮುಚ್ಚೋದರೊಳಗೆ ಯಾರಾದ್ರೂ ಒಬ್ರು ನಿಂತು, ತಲೆ ಎತ್ತಿ, 'ಇಲ್ಲಕ್ಕ, ಇನ್ನೂ ಆಗಿಲ್ಲ' ಅನ್ಬೇಕು. ಅಷ್ಟೇ. ಬಾ, ಕೂತ್ಕೋ ಅಂತ ನಾನು ಹೇಳ್ಬೇಕು."